ಡೆಕಾರ್ಟ್‌ನ ಕೋಣೆ ಹೊತ್ತು ಅಥೆನ್ಸಿಗೆ

ಚಿತ್ರದುರ್ಗ

ನಾನು ಗ್ರೀಸ್ ದೇಶಕ್ಕೆ ಹೋಗಿಬಂದದ್ದು ಚಿತ್ರದುರ್ಗದಲ್ಲಿ ಎಲ್ಲರಿಗೂ ಗೊತ್ತು, ಏಕೆಂದರೆ ಹೊರಡುವ ಮೊದಲು ನಾನೇ ಎಲ್ಲರಿಗೂ ಹೇಳಿದ್ದೆ. ಕಾಲೇಜಿನ ಜವಾನನಿಗೆ, ಬಸ್ ನಿಲ್ದಾಣದ ಎದುರಿನ ಹೋಟೆಲಿನವರಿಗೆ, ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದವರಿಗೆ, ಕೇಳಿದವರಿಗೆ, ಕೇಳದವರಿಗೆ. ಬಂದ ಮೇಲೆ ಮಾತ್ರ ಯಾರು ಏನು ವಿಚಾರಿಸಿದರೂ, "ಬಿಸಿಲು ಬಾಳ ಕಣ್ರಿ, ನಮ್ಮ ದುರ್ಗ ಇದ್ದಂಗೇ ಐತೆ" ಎಂದು ಜಾರಿಕೊಂಡೆ. ಇಲ್ಲಿ ಜಾರಿಕೊಳ್ಳುವುದಿಲ್ಲ.

ನನ್ನ ಹೆಸರು ಬೀರಪ್ಪ. ಹೊಸದುರ್ಗ ತಾಲ್ಲೂಕಿನ ಬಾಗೂರಿನ ಕಡೆಯವನು, ಕುರಿ ಮೇಯಿಸುವವರ ಮನೆಯಲ್ಲಿ ಹುಟ್ಟಿ ಹೇಗೋ ತತ್ವಶಾಸ್ತ್ರದ ಮೇಷ್ಟ್ರಾದವನು. ಕಾಲೇಜಿನ ನಮ್ಮ ವಿಭಾಗದಲ್ಲಿ ಇರುವವನು ನಾನೊಬ್ಬನೇ. ವಿದ್ಯಾರ್ಥಿಗಳು ಒಳ್ಳೆಯ ವರ್ಷ ಒಂಬತ್ತು, ಕೆಟ್ಟ ವರ್ಷ ನಾಲ್ಕು. ಪಾಶ್ಚಾತ್ಯ ತತ್ವಶಾಸ್ತ್ರದ ಇತಿಹಾಸವೆಲ್ಲ ಒಂದೇ ವರ್ಷದಲ್ಲಿ ಮುಗಿಯಬೇಕು. ಮುಂಗಾರಿನಲ್ಲಿ ಪುರಾತನ ಗ್ರೀಕರಿಂದ ಹೊರಟು, ದೀಪಾವಳಿಗೆ ಅರಿಸ್ಟಾಟಲ್‌ನನ್ನು ದಾಟಿ, ಸಂಕ್ರಾಂತಿಗೆ ಡೆಕಾರ್ಟ್‌ನನ್ನು ಮುಟ್ಟುತ್ತೇನೆ. ಕ್ಯಾಂಟ್ ಬರುವಷ್ಟರಲ್ಲಿ ಪರೀಕ್ಷೆಯೂ ಬಂದಿರುತ್ತದೆ. ಹೀಗಾಗಿ ಕ್ಯಾಂಟ್ ನನಗೇ ಅರ್ಥವಾಗಿಲ್ಲ ಎಂಬುದು ಇಷ್ಟು ವರ್ಷ ಯಾರಿಗೂ ತಿಳಿದಿಲ್ಲ.

ಪಾಠ ಮಾಡುವುದು ನನ್ನ ಗುರುಗಳ ಟಿಪ್ಪಣಿಗಳಿಂದ. ಅವರು ಪಂಚಾಕ್ಷರಪ್ಪನವರು. ಅದೇ ಕಾಲೇಜಿನಲ್ಲಿ ಅದೇ ಕುರ್ಚಿಯಲ್ಲಿ ಕೂತು ನನಗೆ ಕಲಿಸಿ, ನಿವೃತ್ತರಾಗಿ, ಈಗ ಹೊಳಲ್ಕೆರೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕಣ್ಣಿನ ಪೊರೆ ಬಲಿತು ಓದಲು ಆಗುವುದಿಲ್ಲ. ಒಂದು ಸಾಲನ್ನೂ ಎಲ್ಲೂ ಅಚ್ಚು ಹಾಕಿಸಿದವರಲ್ಲ. ಹೊಳೆದದ್ದನ್ನೆಲ್ಲ ಕೋಟೆಯ ಬಂಡೆಗಳ ನಡುವೆ ಸಂಜೆ ಅಡ್ಡಾಡುತ್ತ, ಜೊತೆಗೆ ನಡೆಯುವವನಿಗೆ ಹೇಳಿ ಮರೆಯುತ್ತಿದ್ದರು. ಹೆಚ್ಚಿನ ಸಂಜೆ ಜೊತೆಗೆ ನಡೆಯುತ್ತಿದ್ದವನು ನಾನು, ಮತ್ತು ನಾನು ಮರೆಯುತ್ತಿರಲಿಲ್ಲ. ರೂಮಿಗೆ ಹೋಗಿ ಬರೆದಿಟ್ಟುಕೊಳ್ಳುತ್ತಿದ್ದೆ.

ಒಂದು ಸಂಜೆ ಅವರು ಹೇಳಿದ್ದು ಇದು. ಡೆಕಾರ್ಟ್ ಎಂಬ ಫ್ರೆಂಚ್ ತತ್ವಜ್ಞಾನಿ ಬೆಚ್ಚಗಿನ ಕೋಣೆಯಲ್ಲಿ ಒಬ್ಬನೇ ಕೂತು ಎಲ್ಲವನ್ನೂ ಅನುಮಾನಿಸಿದ. ಕಣ್ಣೆದುರಿನ ಲೋಕ ಸುಳ್ಳಿರಬಹುದು, ದೇಹ ಸುಳ್ಳಿರಬಹುದು, ಒಂದು ಮೋಸಗಾರ ದೆವ್ವ ಎಲ್ಲವನ್ನೂ ತೋರಿಸುತ್ತಿರಬಹುದು. ಕೊನೆಗೆ, ಹೀಗೆ ಅನುಮಾನಿಸುತ್ತಿರುವ ನಾನಂತೂ ಇದ್ದೇನೆ ಎಂಬಲ್ಲಿ ನೆಲೆ ಕಂಡ. ಗುರುಗಳು ಇದಕ್ಕೆ, "ಆದ್ರೆ ಅವ್ನು ಯಾವ ಮಾತಿನಾಗೆ ಅನುಮಾನ ಪಟ್ಟ? ಆ ಮಾತು ಅವನಿಗೆ ಯಾರು ಕಲ್ಸಿದ್ರು? ಮಾತು ಐತೆ ಅಂದ್ರೆ ಕಲಿಸ್ದೋರು ಇದ್ರು ಅಂತಾಯ್ತು. ಕೋಣೆಯಾಗೆ ಅವನೊಬ್ನೇ ಇರಲಿಲ್ಲ ಕಣೋ, ಅವರವ್ವನೂ ಇದ್ದಳು" ಎಂದರು.

ಇಪ್ಪತ್ತು ವರ್ಷಗಳ ನಂತರ, ಅಥೆನ್ಸಿನಲ್ಲಿ ತತ್ವಶಾಸ್ತ್ರದ ಅಧ್ಯಾಪಕರ ಸಮಾವೇಶವೊಂದು ನಡೆಯುತ್ತದೆ, ಲೇಖನ ಕಳಿಸಿ ಎಂಬ ಪತ್ರ ನಮ್ಮ ಕಾಲೇಜಿಗೂ ಬಂತು. ಗುರುಗಳ ಮಾತನ್ನು ಹನ್ನೊಂದು ಪುಟಕ್ಕೆ ಎಳೆದು, ಹಿರಿಯೂರಿನಿಂದ ವರ್ಗವಾಗಿ ಬಂದಿದ್ದ ಟೈಪಿಸ್ಟ್ ಒಬ್ಬರಿಂದ ಟೈಪ್ ಮಾಡಿಸಿದೆ. ಮೇಲೆ ಹೆಸರು ಹಾಕುವಾಗ ಅವರು, "ನಿಮ್ಮೊಬ್ಬರದೇ ಏನ್ ಸಾರ್?" ಎಂದು ಕೇಳಿದರು. ಹೌದೆಂದೆ. ಅವರು ಕೇಳಿದ್ದು ಟೈಪಿಂಗ್ ಲೆಕ್ಕಕ್ಕೆ. ಆದರೂ ನನ್ನ ಕಿವಿ ಬಿಸಿಯಾಗಿತ್ತು.

ಬರುವ ಖರ್ಚು ನಮ್ಮದೇ, ನೀವು ಬರಲೇಬೇಕು ಎಂದು ಅಲ್ಲಿಂದ ಉತ್ತರ ಬಂತು.

ಹೊರಡುವ ಹಿಂದಿನ ವಾರ ಹೊಳಲ್ಕೆರೆಗೆ ಹೋಗಿ ಗುರುಗಳ ಕಾಲು ಮುಟ್ಟಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ಸಾಕ್ರೆಟಿಸ್ ಊರಿಗೆ ಹೊಂಟಿದೀಯ. ಯಾತರ ಮ್ಯಾಲೆ ಬರ್ದಿದೀಯಪ್ಪ?" ಎಂದು ಕೇಳಿದರು.

"ಡೆಸ್ಕಾರ್ಟೀಸ್ ಮೇಲೆ ಸಾರ್." ಗುರುಗಳೂ ನಾನೂ ಡೆಕಾರ್ಟ್‌ನನ್ನು ಕರೆಯುತ್ತಿದ್ದುದು ಹಾಗೆ.

"ಏನಂತ?"

"ಅದೇ ಸಾರ್, ಅನುಮಾನದ ಬಗ್ಗೆ."

"ಒಳ್ಳೇದು" ಎಂದರು. ಅವರ ಮಗಳು ಶಾರದಮ್ಮ ಕೊಟ್ಟ ಚಟ್ನಿಪುಡಿಯ ಡಬ್ಬಿ ತೆಗೆದುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಓಡಿಬಂದೆ.

ಅಥೆನ್ಸ್, ಮೊದಲ ದಿನ

ಫಾರಿನ್ ಎಂದರೆ ಚಳಿ ಎಂಬುದು ನನ್ನ ಹೆಂಡತಿಯ ಖಚಿತ ಅಭಿಪ್ರಾಯ. ಹಾಗಾಗಿ ದಪ್ಪ ಬಟ್ಟೆಯ ಸಫಾರಿ ಸೂಟು ಹೊಲಿಸಿದ್ದೆವು. ವಿಮಾನದಿಂದ ಇಳಿದಾಗ ಅಲ್ಲಿ ಏಪ್ರಿಲ್ ತಿಂಗಳ ಚಳ್ಳಕೆರೆಯಂಥ ಬಿಸಿಲು. ಸೂಟಿನ ಒಳಗೆ ಬೆಂದುಕೊಂಡೇ ಹೋಟೆಲು ಸೇರಿದೆ.

ಗ್ರೀಸಿನಲ್ಲಿ ಸೈನ್ಯದ ಆಡಳಿತ ಬಿದ್ದು ಮೂರು ವರ್ಷವಾಗಿತ್ತು. ಜನಕ್ಕೆ ಮಾತಾಡಲು ಬಾಯಿ ಹೊಸದಾಗಿ ಸಿಕ್ಕಂತೆ ಕಾಫಿ ಅಂಗಡಿಗಳಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಅದನ್ನು ಕಂಡು ನನಗೆ ಉತ್ಸಾಹ ಬಂತು. ಊಟದಂಗಡಿಯಲ್ಲಿ ಕೂತು, ಬಡಿಸುವ ದಪ್ಪ ಮೀಸೆಯವನಿಗೆ ನನ್ನ ಘನತೆ ತಿಳಿಯಲಿ ಎಂದು, "ಪ್ಲೇಟೋ, ಪ್ಲೇಟೋ" ಎಂದು ಎದೆ ಮುಟ್ಟಿಕೊಂಡು ಹೇಳಿದೆ. ನಾನು ಪ್ಲೇಟೋನನ್ನು ಪಾಠ ಮಾಡುವವನು ಎಂದು ಅರ್ಥ. ಆತ ತಲೆಯಾಡಿಸಿ ಒಳಗೆ ಹೋಗಿ ಒಂದು ಖಾಲಿ ತಟ್ಟೆ ತಂದಿಟ್ಟ. ಅಲ್ಲ ಎಂದು ಇನ್ನೂ ಜೋರಾಗಿ "ಪ್ಲೇಟೋ" ಎಂದೆ. ಇನ್ನೊಂದು ತಟ್ಟೆ ತಂದ, ಇದು ಸ್ವಲ್ಪ ದೊಡ್ಡದು. ಅವರ ಭಾಷೆಯಲ್ಲಿ ತಟ್ಟೆಗೆ ಪಿಯಾತೋ ಎನ್ನುತ್ತಾರೆ, ಪ್ಲೇಟೋಗೆ ಪ್ಲಾತೊನಾಸ್ ಎನ್ನುತ್ತಾರೆ ಎಂಬುದು ಆಮೇಲೆ ತಿಳಿಯಿತು. ಹದಿನಾಲ್ಕು ವರ್ಷ ಆ ಮಹಾಪುರುಷನ ಹೆಸರನ್ನೇ ತಪ್ಪು ಹೇಳಿದ್ದೇನೆ ಎಂಬುದಕ್ಕಿಂತ, ಎರಡು ಖಾಲಿ ತಟ್ಟೆ ಮುಂದಿಟ್ಟುಕೊಂಡು ಕೂತ ನನ್ನನ್ನು ಇಡೀ ಅಂಗಡಿ ನೋಡುತ್ತಿದ್ದುದು ಹೆಚ್ಚು ಕಷ್ಟವಾಯಿತು.

ಹೋಟೆಲಿಗೆ ಬಂದರೆ ಬೀಗದ ಕೈ ಕೊಡುವವನ ಹೆಸರು ಸಾಕ್ರೆಟಿಸ್. ಹೌದು, ಅಲ್ಲಿ ಅದು ನಮ್ಮಲ್ಲಿ ತಿಪ್ಪೇಸ್ವಾಮಿ ಇದ್ದಂತೆ, ಬೀದಿಗೊಬ್ಬ. ಆದರೂ ಸಾಕ್ರೆಟಿಸ್ ಬಂದು ನನ್ನ ಹಾಸಿಗೆಯ ಹೊದಿಕೆ ಬದಲಿಸುವಾಗ ನನಗೆ ಕೂತಿರಲು ಮನಸ್ಸಾಗದೆ ಎದ್ದು ನಿಂತೆ. ಆತನೂ ಸಂಕೋಚಪಟ್ಟು ನೆಟ್ಟಗೆ ನಿಂತ. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆವು.

ಎರಡನೆಯ ದಿನ, ಪ್ಲೇಟೋನ ಶಾಲೆ

ಸಮಾವೇಶ ಶುರುವಾಗಲು ಒಂದು ದಿನವಿತ್ತು. ಪ್ಲೇಟೋ ಪಾಠ ಹೇಳುತ್ತಿದ್ದ ಅಕಾಡೆಮಿಯ ಜಾಗ ನೋಡಲು ಹೊರಟೆ. ತರಗತಿಯಲ್ಲಿ ಅದರ ಚಿತ್ರ ಬರೆಯುವುದು ನನ್ನ ಪದ್ಧತಿ. ಎಂಟು ಅಮೃತಶಿಲೆಯ ಕಂಬ, ಮುಂದೆ ಮೆಟ್ಟಿಲು, ಮೆಟ್ಟಿಲ ಮೇಲೆ ಗಡ್ಡದವರು. ಈ ಚಿತ್ರ ನನಗೆ ಎಲ್ಲಿಂದ ಸಿಕ್ಕಿತೆಂದು ಯೋಚಿಸಿದರೆ, ಬಹುಶಃ ದಾವಣಗೆರೆಯ ಯಾವುದೋ ಸಿನಿಮಾ ಥಿಯೇಟರಿನ ಮುಂಭಾಗದಿಂದ.

ಬಸ್ಸು ಕಾರ್ಖಾನೆಗಳ ಬೀದಿ ದಾಟಿ ಒಂದು ಧೂಳಿನ ಬಯಲಿನ ಹತ್ತಿರ ಇಳಿಸಿತು. ನಾಲ್ಕು ಆಲಿವ್ ಮರ, ಅಗೆದು ಬಿಟ್ಟ ಗುಂಡಿಗಳಲ್ಲಿ ಮೊಣಕಾಲೆತ್ತರದ ಕಲ್ಲಿನ ಸಾಲು, ಆಚೆ ಮನೆಗಳ ತಂತಿಯಲ್ಲಿ ಒಣಹಾಕಿದ ಬಟ್ಟೆ. ಮರದ ಕೆಳಗೆ ಮುದುಕರು ಪಗಡೆಯಂಥದ್ದೇನೋ ಆಡುತ್ತಿದ್ದರು. ಈ ಸಲ ಹೆಸರು ಸರಿಯಾಗಿಯೇ ಹೇಳಿ, "ಪ್ಲಾತೊನಾಸ್ ಅಕಾಡೆಮಿ?" ಎಂದು ಕೇಳಿದೆ. ಒಬ್ಬ ಮುದುಕ, "ನೇ" ಎಂದ. ನೋ ಎನ್ನುತ್ತಿದ್ದಾನೆ ಎಂದುಕೊಂಡು ಮುಂದೆ ನಡೆದೆ. ಬ್ರೆಡ್ಡು ಹಿಡಿದು ಬರುತ್ತಿದ್ದ ಹೆಂಗಸು ನೆಲ ತೋರಿಸಿ, "ನೇ, ನೇ" ಎಂದಳು. ಇನ್ನೂ ಮುಂದೆ ನಡೆದೆ. ಟೈರು ರಿಪೇರಿಯವನನ್ನು ಕೇಳಿದಾಗ, ನಾನು ಬಂದ ದಿಕ್ಕಿಗೇ ಕೈತೋರಿಸಿದ. ವಾಪಸ್ ಬಂದು ಮುದುಕರನ್ನು ಮತ್ತೆ ಕೇಳಿದೆ. "ನೇ" ಎಂದರು, ಈ ಸಲ ಎಲ್ಲರೂ ಒಟ್ಟಿಗೆ. ಎರಡು ತಾಸು ಆ ಬಯಲನ್ನು ಸುತ್ತಿ, ಬೆವರಿಗೆ ಸೂಟು ಒದ್ದೆಯಾಗಿ, ಅಕಾಡೆಮಿ ಸಿಗಲಿಲ್ಲವೆಂದು ಬಸ್ಸು ಹತ್ತಿದೆ.

ಹೋಟೆಲಿನ ಸಾಕ್ರೆಟಿಸ್‌ಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ನನ್ನ ಪಾಡು ಕೇಳಿ, ಅವರ ಭಾಷೆಯಲ್ಲಿ ನೇ ಎಂದರೆ ಹೌದು ಎಂದು ವಿವರಿಸಿದ. ಇಲ್ಲ ಎನ್ನಬೇಕಾದರೆ ಗಲ್ಲ ಮೇಲಕ್ಕೆತ್ತಿ ನಾಲಗೆಯಿಂದ ಚ್ ಎನ್ನುತ್ತಾರೆ, ನಮ್ಮ ಕಡೆಯ ಹೆಂಗಸರು ಎನ್ನುವಂತೆಯೇ. ಅಂದರೆ ನಾನು ಪ್ಲೇಟೋನ ಶಾಲೆಯ ನಡುವೆಯೇ ನಿಂತುಕೊಂಡು, ಅದು ಎಲ್ಲಿದೆ ಎಂದು ಎರಡು ತಾಸು ಊರವರನ್ನೆಲ್ಲ ಕೇಳಿದ್ದೆ. ಅವರು ಪ್ರತಿ ಸಲವೂ ತಾಳ್ಮೆಯಿಂದ ಇದೇ, ಇದೇ ಎಂದಿದ್ದರು.

ಮೂರನೆಯ ದಿನ, ನನ್ನ ಸರದಿ

ಸಮಾವೇಶದ ಸಭಾಂಗಣದಲ್ಲಿ ಸುಮಾರು ಮೂವತ್ತು ಜನ. ನಾನು ಹನ್ನೊಂದು ಪುಟವನ್ನೂ ತಲೆ ಎತ್ತದೆ ಓದಿದೆ. ಗುರುಗಳು ಕಲಿಸಿದಂತೆ ಡೆಸ್ಕಾರ್ಟೀಸ್, ಡೆಸ್ಕಾರ್ಟೀಸ್ ಎಂದೇ ಓದಿದೆ. ಗ್ರೀಕರ ಎಷ್ಟೋ ಹೆಸರುಗಳು ಈಸ್ ಎಂದು ಕೊನೆಯಾಗುವುದರಿಂದ, ಇವನು ತಮ್ಮವನೇ, ಇಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದ ಒಬ್ಬ ಪ್ರಾಚೀನ ಗ್ರೀಕ್ ಚಿಂತಕ ಎಂದು ಹಿಂದಿನ ಸಾಲಿನ ಕೆಲವರು ಹೆಮ್ಮೆಯಿಂದ ಬರೆದುಕೊಂಡರಂತೆ. ಮುಂದಿನ ಸಾಲಿನ ಫ್ರೆಂಚ್ ಗೃಹಸ್ಥರಿಗೆ ಆರನೆಯ ಪುಟದಲ್ಲಿ ಜ್ಞಾನೋದಯವಾಗಿ, ಮೆಲ್ಲಗೆ "ಡೆಕಾರ್ಟ್" ಎಂದು ನಿಟ್ಟುಸಿರು ಬಿಟ್ಟರು.

ಆದರೆ ವಾದ ಎಲ್ಲರಿಗೂ ಹಿಡಿಸಿತು. ಕೋಣೆಯಲ್ಲಿ ತಾಯಿಯೂ ಇದ್ದಳು ಎಂಬಲ್ಲಿಗೆ ಬಂದಾಗ ಸಭೆ ನಕ್ಕಿತು, ಆಮೇಲೆ ಗಂಭೀರವಾಯಿತು. ಚಪ್ಪಾಳೆ ಬಿತ್ತು. ನನ್ನ ಎದೆ ಉಬ್ಬಿತೆಂದು ಒಪ್ಪಿಕೊಳ್ಳುತ್ತೇನೆ. ಆ ಐದು ನಿಮಿಷ ಅದು ನನ್ನದೇ ವಾದ ಎಂದು ನಾನೂ ನಂಬಿದ್ದೆ.

ಆಗ ಎಲೆನಿ ಎಂಬ ಗ್ರೀಕ್ ಮಹಿಳೆ ಎದ್ದು ನಿಂತರು. ಅಥೆನ್ಸಿನಲ್ಲೇ ಪಾಠ ಹೇಳುವವರು, ಐವತ್ತು ದಾಟಿದ ವಯಸ್ಸು, ಕಪ್ಪು ಉಡುಪು, ಕೈಯಲ್ಲಿ ಪೆನ್ಸಿಲ್ಲು. "ಮಾತನ್ನು ಬೇರೆಯವರೇ ಕಲಿಸಬೇಕು ಅನ್ನುವುದು ಡೆಕಾರ್ಟ್‌ಗೆ ಹೇಗೆ ಗೊತ್ತು?" ಎಂದು ಕೇಳಿದರು. "ತಾಯಿಯಿಂದ ಕಲಿತೆ ಎಂಬುದು ಅವನ ನೆನಪು. ಆದರೆ ಅವನು ನೆನಪನ್ನೂ ಅನುಮಾನಿಸಿದ್ದಾನೆ. ಆ ಮೋಸಗಾರ ದೆವ್ವವೇ ಮಾತನ್ನೂ, ತಾಯಿಯ ನೆನಪನ್ನೂ ಒಟ್ಟಿಗೇ ತಲೆಯೊಳಗೆ ಇಟ್ಟಿದ್ದರೆ?"

ಗುರುಗಳ ಟಿಪ್ಪಣಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಟಿಪ್ಪಣಿಯಲ್ಲಿ ಇಲ್ಲದ್ದು ನನ್ನ ತಲೆಯಲ್ಲೂ ಇರಲಿಲ್ಲ. ಲೋಟದ ನೀರು ಕುಡಿದೆ. ಖಾಲಿಯಾದ ಮೇಲೂ ಕುಡಿಯುವವನಂತೆ ಹಿಡಿದುಕೊಂಡೆ. ಕೊನೆಗೆ, "ಇದು ಬಹಳ ಆಳವಾದ ಪ್ರಶ್ನೆ. ಮುಂದಿನ ಲೇಖನದಲ್ಲಿ ಉತ್ತರಿಸುತ್ತೇನೆ" ಎಂದೆ.

ಹೊರಗೆ ಬಂದಾಗ ಎಲೆನಿ ನನಗಾಗಿ ಕಾಯುತ್ತಿದ್ದರು. ಈ ಲೇಖನವನ್ನು ಗ್ರೀಕ್ ಭಾಷೆಗೆ ತಂದು ತಮ್ಮ ಪತ್ರಿಕೆಯಲ್ಲಿ ನನ್ನ ಹೆಸರಿನಿಂದ ಅಚ್ಚು ಹಾಕಬೇಕೆಂದಿದ್ದಾರಂತೆ, ಜೊತೆಗೆ ತಮ್ಮ ಪ್ರಶ್ನೆಯನ್ನೂ, ನನ್ನ ಉತ್ತರವನ್ನೂ. "ವಾದದಲ್ಲಿ ತಪ್ಪಿದೆ ಅನಿಸುತ್ತದೆ. ಆದರೆ ಇಂಥ ಒಳ್ಳೆಯ ತಪ್ಪು ನೋಡಿ ಬಹಳ ವರ್ಷವಾಯಿತು" ಎಂದರು. ನಾನು ಕೈಮುಗಿದೆ. ಏನು ಹೇಳಲೂ ತೋಚದಿದ್ದಾಗ ನಮ್ಮವರು ಮಾಡುವ ಕೆಲಸ ಅದೊಂದೇ.

ನಾಲ್ಕನೆಯ ದಿನ, ಡೆಲ್ಫಿಯ ದಾರಿ

ಬಂದವರನ್ನೆಲ್ಲ ಬಸ್ಸಿನಲ್ಲಿ ಡೆಲ್ಫಿಗೆ ಕರೆದೊಯ್ದರು. ಹಿಂದೆ ಅಲ್ಲಿ ದೇವರ ನುಡಿ ಹೇಳುವ ಪೂಜಾರಿಣಿ ಇದ್ದಳು. ಸಾಕ್ರೆಟಿಸ್‌ಗಿಂತ ತಿಳಿದವನು ಯಾರೂ ಇಲ್ಲ ಎಂದು ನುಡಿದವಳು ಅವಳೇ. ಅದು ಸುಳ್ಳೆಂದು ತೋರಿಸಲು ಸಾಕ್ರೆಟಿಸ್ ಊರಿನ ಜಾಣರನ್ನೆಲ್ಲ ಪ್ರಶ್ನಿಸುತ್ತ ಹೋಗಿ, ಕೊನೆಗೆ ತನಗೇನೂ ತಿಳಿಯದು ಎಂಬುದಷ್ಟೇ ತನ್ನ ಹೆಚ್ಚುಗಾರಿಕೆ ಎಂದು ಕಂಡುಕೊಂಡ. ಈ ಕಥೆಯನ್ನು ನಾನು ಪ್ರತಿ ವರ್ಷ ಬಹಳ ಭಾವಪೂರ್ಣವಾಗಿ ಹೇಳುತ್ತೇನೆ. ಒಮ್ಮೆ ಹೇಳುವಾಗ ಕಣ್ಣೀರು ಬಂದದ್ದೂ ಉಂಟು.

ಬೆಟ್ಟದ ತಿರುವಿನಲ್ಲಿ ಬಸ್ಸು ನಿಂತಿತು. ರಸ್ತೆ ತುಂಬ ಕುರಿ. ಕುರುಬ ಮುದುಕ ಕೋಲು ಹಿಡಿದು ಆಚೆಯ ಬದಿಯಿಂದ ಕೂಗುತ್ತಿದ್ದಾನೆ, ಅರ್ಧ ಹಿಂಡು ಈಚೆ ಬಸ್ಸಿನ ಚಕ್ರದ ನೆರಳಿಗೆ ನುಗ್ಗಿ ಅಲ್ಲಾಡುತ್ತಿಲ್ಲ. ಡ್ರೈವರು ಹಾರನ್ ಹೊಡೆದಷ್ಟೂ ಅವು ಒತ್ತಿಕೊಂಡವು. ನನಗೆ ಕೂತಿರಲಾಗಲಿಲ್ಲ. ಸಫಾರಿ ಸೂಟಿನಲ್ಲೇ ಕೆಳಗಿಳಿದು, ನಮ್ಮಪ್ಪ ಕರೆಯುತ್ತಿದ್ದಂತೆ ನಾಲಗೆ ಮಡಚಿ ಟುರ್ರ್ ಎಂದೆ. ಗ್ರೀಸಿನ ಕುರಿಗಳಿಗೆ ಕನ್ನಡ ಬರುವುದಿಲ್ಲ. ಇದ್ದವೂ ಚದುರಿ ನಾಲ್ಕು ದಿಕ್ಕಿಗೆ ಓಡಿದವು, ಎರಡಂತೂ ಬಸ್ಸಿನೊಳಕ್ಕೇ ಹತ್ತಿದವು. ಕುರುಬ ನನ್ನನ್ನು ಏನೆಂದು ಬೈದನೋ ತಿಳಿಯಲಿಲ್ಲ, ದನಿ ಮಾತ್ರ ನಮ್ಮ ಬಾಗೂರಿನದೇ.

ಆಮೇಲೆ ಬುದ್ಧಿ ಬಂತು. ಕೊರಳಲ್ಲಿ ಗಂಟೆಯಿದ್ದ ಮುಂದಾಳು ಕುರಿಯನ್ನು ಹುಡುಕಿ, ಹಿಂಗಾಲು ಹಿಡಿದು, ಮೆಲ್ಲಗೆ ತಿರುಗಿಸಿ, ತಬ್ಬಿಕೊಂಡಂತೆ ರಸ್ತೆ ದಾಟಿಸಿದೆ. ಅದು ಹೋದದ್ದೇ ಉಳಿದವೆಲ್ಲ ಸಾಲಾಗಿ ಹಿಂದೆ ಬಂದವು. ಬಸ್ಸಿನಲ್ಲಿದ್ದ ತತ್ವಜ್ಞಾನಿಗಳು ಕಿಟಕಿಯಿಂದ ಚಪ್ಪಾಳೆ ತಟ್ಟಿದರು. ಹಿಂದಿನ ದಿನದ್ದಕ್ಕಿಂತ ಜೋರಾಗಿಯೇ ತಟ್ಟಿದರು.

ಕುರುಬ ಬಂದು ಭುಜ ತಟ್ಟಿ ಏನೋ ಕೇಳಿದ. ಎಲೆನಿ ಕಿಟಕಿಯಿಂದಲೇ ಇಂಗ್ಲಿಷಿಗೆ ತಿರುಗಿಸಿದರು. "ಇದನ್ನು ಯಾರು ಕಲಿಸಿದರು ಅನ್ನುತ್ತಾನೆ."

"ನಮ್ಮಪ್ಪ. ಹನುಮಂತಪ್ಪ ಅಂತ" ಎಂದೆ. ಮುದುಕ ಆ ಹೆಸರನ್ನು ಎರಡು ಸಲ ತನ್ನ ಬಾಯಲ್ಲಿ ಹೇಳಿನೋಡಿ, ತಲೆದೂಗಿ, ಚೀಲದಿಂದ ಒಂದು ತುಂಡು ಕುರಿಹಾಲಿನ ಚೀಸು ಮುರಿದುಕೊಟ್ಟ.

ಬಸ್ಸು ಹೊರಟಾಗ ಎಲೆನಿ ಬಂದು ನನ್ನ ಪಕ್ಕ ಕೂತರು. ಅನುವಾದಕ್ಕೆ ಮುನ್ನುಡಿ ಬರೆಯಬೇಕು, ಕೆಲವು ವಿವರ ಬೇಕು ಎಂದು ಪೆನ್ಸಿಲ್ಲು ತೆಗೆದರು. "ಆ ವಿಚಾರ ಹೊಳೆದಾಗ ನೀವು ಎಲ್ಲಿದ್ದಿರಿ?"

"ನಮ್ಮೂರ ಕೋಟೆಯಲ್ಲಿ. ಸಂಜೆ ನಡೆಯುತ್ತಿದ್ದೆ." ಇದು ಸುಳ್ಳಲ್ಲ ಎಂದು ಮನಸ್ಸಿನಲ್ಲೇ ಸಮಾಧಾನ ಮಾಡಿಕೊಂಡೆ.

"ಒಬ್ಬರೇ ಇದ್ದಿರಾ?"

ಅವರು ಬೇರೆ ಯಾವ ಅರ್ಥದಲ್ಲೂ ಕೇಳಿರಲಿಲ್ಲ. ಬರೆದುಕೊಳ್ಳಲು ಪೆನ್ಸಿಲ್ಲು ಹಿಡಿದು ಕೂತಿದ್ದರು ಅಷ್ಟೆ. ನನ್ನ ಕೈಯಲ್ಲಿ ಚೀಸು ಕರಗಿ ಬೆರಳಿಗೆ ಅಂಟುತ್ತಿತ್ತು. ಕುರಿಯ ಕಾಲು ಹಿಡಿಯಲು ಕಲಿಸಿದವನ ಹೆಸರು ಕೇಳಿದಾಗ ಒಂದು ಕ್ಷಣವೂ ಯೋಚಿಸದೆ ಹೇಳಿದ್ದೆ. ಇಲ್ಲಿ ಮೊದಲು ಬೆರಳನ್ನು ಸೂಟಿಗೆ ಒರೆಸಿಕೊಂಡೆ.

"ಇಲ್ಲ, ಇಬ್ಬರಿದ್ದೆವು" ಎಂದೆ. "ಹೊಳೆದದ್ದು ಅವರಿಗೆ. ನನಗೆ ಹೇಳಿದರು. ನಾನು ಬರೆದಿಟ್ಟುಕೊಂಡೆ."

ಎಲೆನಿ ಪೆನ್ಸಿಲ್ಲನ್ನು ಕೆಳಗಿಟ್ಟರು. ಆಮೇಲೆ, "ಅವರು ಬದುಕಿದ್ದಾರಾ?" ಎಂದರು.

"ಇದ್ದಾರೆ."

"ಅವರಿಗೆ ಗೊತ್ತಾ?"

ನಾನು ಗಲ್ಲ ಮೇಲಕ್ಕೆತ್ತಿ ಚ್ ಎಂದೆ. ಆ ನಾಲ್ಕು ದಿನದಲ್ಲಿ ನಾನು ತಪ್ಪಿಲ್ಲದೆ ಆಡಿದ ಗ್ರೀಕ್ ಅದೊಂದೇ.

"ನಾಳೆ ಸಭೆಯಲ್ಲಿ ನೀವೇ ಹೇಳುತ್ತೀರಿ" ಎಂದರು. ಹೇಳುತ್ತೀರಾ ಎಂದು ಕೇಳಲಿಲ್ಲ. ಎದ್ದು ಮುಂದಿನ ಸೀಟಿಗೆ ಹೋದರು. ಡೆಲ್ಫಿಯಲ್ಲಿ ನಾನೇನು ನೋಡಿದೆನೆಂದು ಕೇಳಬೇಡಿ. ಕಲ್ಲುಗಳಿದ್ದವು.

ಕೊನೆಯ ದಿನ

ಬೆಳಿಗ್ಗೆ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ನನ್ನ ಇಂಗ್ಲಿಷು ಬರೆದುಕೊಂಡಿದ್ದರೆ ಮಾತ್ರ ಚೆನ್ನಾಗಿರುತ್ತದೆ, ಅಂದು ಬರೆದುಕೊಂಡಿರಲಿಲ್ಲ. ಈ ವಾದ ನನ್ನ ಗುರುಗಳದು, ನಾನು ಹೆಸರು ಬದಲಿಸಿ ತಂದೆ, ಎಂಬ ಎರಡು ವಾಕ್ಯಕ್ಕೆ ಹತ್ತು ನಿಮಿಷ ಬೇಕಾಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅಧ್ಯಕ್ಷರು ನಡಾವಳಿಯಿಂದ ಲೇಖನ ತೆಗೆಯಲಾಗಿದೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದಿನವರನ್ನು ಕರೆದರು. ಮಧ್ಯಾಹ್ನ ಊಟದ ಮೇಜಿನಲ್ಲಿ ನನ್ನ ಎರಡೂ ಬದಿಯ ಕುರ್ಚಿ ಖಾಲಿಯಿದ್ದವು. ಆ ಫ್ರೆಂಚ್ ಗೃಹಸ್ಥರು ಮಾತ್ರ ಬಂದು ಎದುರಿಗೆ ಕೂತು, ಉಪ್ಪಿನ ಡಬ್ಬಿ ನನ್ನ ಕಡೆ ಸರಿಸಿ, ಉಂಡು ಹೋದರು.

ಹೊರಡುವಾಗ ಎಲೆನಿ ಒಂದು ಹಾಳೆ ಕೊಟ್ಟರು, ತಮ್ಮ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬಿಡಿಸಿ ಬರೆದದ್ದು. "ಇದು ಅವರಿಗೆ. ಉತ್ತರ ಅವರಿಂದ ಬರಬೇಕು" ಎಂದರು. ನನ್ನ ಕೈ ಕುಲುಕಲಿಲ್ಲ. ಆದರೆ ಬಾಗಿಲವರೆಗೆ ಬಂದರು.

ಹೊಳಲ್ಕೆರೆ

ಊರಿಗೆ ಬಂದವನಿಗೆ ಕಾಲೇಜಿನಲ್ಲಿ ಹಾರ ಹಾಕಿ ಸನ್ಮಾನ ಮಾಡಿದರು. ಬಿಸಿಲಿನ ಬಗ್ಗೆ ಮಾತಾಡಿ ಕೂತೆ. ಹೊಳಲ್ಕೆರೆ ಒಂದು ತಾಸಿನ ದಾರಿ, ನನಗೆ ಹನ್ನೊಂದು ದಿನ ಹಿಡಿಯಿತು.

ಗುರುಗಳು ಪಡಸಾಲೆಯಲ್ಲಿ ಕೂತಿದ್ದರು. ದನಿ ಗುರುತಿಸಿ, "ಬಾರಪ್ಪ ಬೀರಪ್ಪ, ಕುಂತ್ಕ. ಶಾರದಾ, ಕಾಫಿ ಇಡವ್ವ" ಎಂದರು.

ನಾನು ಕೂರಲಿಲ್ಲ. "ಸಾರ್, ಅಲ್ಲಿ ಓದಿದ್ದು ನಿಮ್ಮ ವಾದ. ಡೆಸ್ಕಾರ್ಟೀಸ್ ಕೋಣೇದು. ಮೇಲೆ ನನ್ನ ಹೆಸರು ಹಾಕ್ಕಂಡಿದ್ದೆ."

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಅದರಿಂದ ಅವರಿಗೆ ಈಗ ಏನೂ ಕಾಣುವುದಿಲ್ಲ, ಆದರೂ ಬಹಳ ಹೊತ್ತು ಒರೆಸಿದರು. "ಕಾಲು ಮುಟ್ಟಾಕೆ ಬಂದಾಗ್ಲೇ ಗೊತ್ತಿತ್ತಲ್ಲ ನಿಂಗೆ?"

"ಗೊತ್ತಿತ್ತು ಸಾರ್."

"ಏನಂತ ಬರ್ದಿದೀಯ ಅಂತ ನಾನು ಕೇಳ್ದೆ."

"ಕೇಳಿದ್ರಿ ಸಾರ್."

ಒಳಗಿನ ಕಡೆ ತಿರುಗಿ, "ಶಾರದಾ, ಇವ್ನಿಗೆ ಕಾಫಿ ಬ್ಯಾಡ" ಎಂದರು.

ನಲವತ್ತೊಂದರ ವಯಸ್ಸಿನಲ್ಲಿ, ಸ್ವಂತ ಮಕ್ಕಳಿರುವ ಗಂಡಸಿಗೆ, ಒಂದು ಲೋಟ ಕಾಫಿ ಇಲ್ಲ ಎಂದದ್ದಕ್ಕೆ ಅಳುವಂತಾಯಿತು. ಎಲೆನಿಯ ಹಾಳೆ ತಂದಿದ್ದೇನೆ ಎಂದೆ. ಓದು ಎಂದರು. ಓದಿದೆ. ಇನ್ನೊಮ್ಮೆ ಓದಿಸಿದರು. ಮೂರನೆಯ ಸಲ ಓದುವಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ, ಆಮೇಲೆ ನೋಡಿಕೊಂಡರಾಯಿತೆಂದು ಪಕ್ಕಕ್ಕೆ ಇಟ್ಟಂತಿತ್ತು.

"ಇದಕ್ಕೆ ನೀನಲ್ಲಿ ಏನ್ ಹೇಳ್ದೆ?"

"ಮುಂದಿನ ಲೇಖನದಲ್ಲಿ ಉತ್ತರ ಕೊಡ್ತೀನಿ ಅಂದೆ ಸಾರ್."

"ಯಾರ ಲೇಖನ?"

ನಾನು ಹಾಳೆಯನ್ನು ಮಡಚಿದೆ.

"ಆ ಯಮ್ಮ ಏನ್ ಕೇಳ್ತಾಳೆ ಅಂತಾನಾದ್ರೂ ಅರ್ಥ ಆಗೇತಾ?"

"ಸ್ವಲ್ಪ ಸಾರ್."

"ಕದಿಯೋನಿಗೆ ಏನು ಕದೀತಿದೀನಿ ಅಂತಾದ್ರೂ ತಿಳೀಬೇಕಲ್ಲಪ್ಪ" ಎಂದರು. "ಭಾನ್ವಾರ ಬಾ."

ಭಾನುವಾರ ಹೋದೆ. ನನ್ನನ್ನು ಡೆಕಾರ್ಟ್ ಆಗಿ ಕೂರಿಸಿದರು. ಅವರು ಎದುರು ಕೂತು ವಾದ ಹೂಡಿದರು.

"ಮಾತು ಯಾರು ಕಲ್ಸಿದ್ರು ನಿಂಗೆ?"

"ನಮ್ಮವ್ವ."

"ನೀನು ಬೀರಪ್ಪ ಅಲ್ಲ. ಡೆಸ್ಕಾರ್ಟೀಸ್. ಯಾರು ಕಲ್ಸಿದ್ರು?"

"ಅವ್ವ ಕಲಿಸಿದ ನೆನಪೈತೆ ಸಾರ್. ಆದ್ರೆ ನೆನಪು ಸುಳ್ಳಿರಬೋದು."

"ಮಾತು ಸುಳ್ಳಲ್ಲವಲ್ಲ, ಈಗ ಆಡ್ತಾ ಇದೀಯ."

"ಮಾತೈತೆ ಸಾರ್. ಎಲ್ಲಿಂದ ಬಂತು ಅಂತ ಮಾತು ಹೇಳಲ್ಲ."

ಈ ಕೊನೆಯ ಮಾತು ಯಾವ ಟಿಪ್ಪಣಿಯಲ್ಲೂ ಇರಲಿಲ್ಲ. ಬಾಯಿಂದ ಬಂದ ಮೇಲೆ ನನಗೇ ಗಾಬರಿಯಾಯಿತು. ಗುರುಗಳು ತಲೆ ಎತ್ತಿ, ಪೊರೆ ಕಟ್ಟಿದ ಕಣ್ಣಿನಲ್ಲೇ ನಾನಿದ್ದ ಕಡೆ ನೋಡಿದರು. "ಇನ್ನೊಂದು ಸಲ ಹೇಳು" ಎಂದರು.

ಹೀಗೆ ಮೂರು ಭಾನುವಾರ. ಅವರು ಒಂದೊಂದು ಕಡೆಯಿಂದ ನುಗ್ಗಿದರು, ನಾನು ಗ್ರೀಕ್ ಹೆಂಗಸಿನ ಪರವಾಗಿ ತಡೆದೆ. ಕೆಲವು ಸಲ ಅವರು ಬೈದರು, ಒಂದು ಸಲ ನಾನೂ ದನಿ ಏರಿಸಿದೆ, ಶಾರದಮ್ಮ ಒಳಗಿಂದ ಬಂದು ಇಬ್ಬರನ್ನೂ ನೋಡಿ ಹೋದರು. ಹದಿನಾಲ್ಕು ವರ್ಷ ಪಾಠ ಮಾಡಿದವನಿಗೆ ಡೆಕಾರ್ಟ್ ಅರ್ಥವಾದದ್ದು ಆ ಪಡಸಾಲೆಯಲ್ಲಿ.

ಮೂರನೆಯ ಭಾನುವಾರ ಮಧ್ಯಾಹ್ನ ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿ, "ಆ ಯಮ್ಮ ಹೇಳಿದ್ದು ಸರಿ ಐತೆ. ನಿಲ್ಲಲ್ಲ ಇದು" ಎಂದರು. ದನಿಯಲ್ಲಿ ದುಃಖವಿದ್ದಂತೆ ನನಗೆ ಕೇಳಲಿಲ್ಲ. "ಕಾಗದ ತಗ. ಬರ್ಕ."

ಇಂಗ್ಲಿ‍ಷಿನಲ್ಲಿ ಹೇಳಿಬರೆಸಿದರು. ನಿಮ್ಮ ಆಕ್ಷೇಪ ಸರಿಯಾಗಿದೆ, ನನ್ನ ವಾದ ಯಾವುದನ್ನು ಸಾಧಿಸಬೇಕೋ ಅದನ್ನೇ ಮೊದಲು ನಂಬಿಕೊಂಡು ಹೊರಟಿದೆ, ತೋರಿಸಿಕೊಟ್ಟದ್ದಕ್ಕೆ ಕೃತಜ್ಞ. ಆರು ಸಾಲು. ನನ್ನ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಬರೆದು ಮುಗಿಸಿ, ಕೆಳಗೆ ಇಬ್ಬರ ಹೆಸರೂ ಹಾಕಲೇ ಎಂದು ಕೇಳಿದೆ. ಅಪರಾಧದಲ್ಲಿ ಪಾಲು ಹೊತ್ತುಕೊಳ್ಳುವ ಸಜ್ಜನಿಕೆ ಎಂದು ಅದನ್ನು ನಾನು ಭಾವಿಸಿದ್ದೆ.

"ಯಾಕೆ?" ಎಂದರು. "ತಪ್ಪು ಮಾಡಿದೋನು ನಾನು. ಅದನ್ನೂ ನೀನೇ ತಗಂಡು ಹೋಗ್ಬೇಕಾ? ನನ್ನ ಹೆಸರು ಬರಿ."

ಬರೆದೆ. ಅವರು ಹಾಳೆಯನ್ನು ಇಸಿದುಕೊಂಡು, ಬಾಗಿಲ ಬೆಳಕಿಗೆ ಹೋಗಿ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಸರಿಸುತ್ತ ಓದಿದರು. ನಡುವೆ ನಾನು ಒಂದು ಎಚ್ ಬಿಟ್ಟಿದ್ದೆ. ಇನ್ನೊಂದು ಹಾಳೆ ತೆಗೆದುಕೊಂಡು ಮೊದಲಿನಿಂದ ಬರೆ ಎಂದರು.